ಮೊಣಕಾಲು ಬದಲಿಸೋ ಆಪರೇಷನ್: ಯಾವಾಗ ಹೂಂ ಅನ್ನಬೇಕು, ಅದಕ್ಕೂ ಮೊದಲು ಏನೇನು ನೋಡಬೇಕು

ನಮ್ಮ ಕಲಬುರಗಿ ಕಡೆ ಮೊಣಕಾಲು ಆಪರೇಷನ್ ಮಾತು ಎತ್ತಿದರೆ ಸಾಕು, ಎರಡು ಥರದ ಮಾತು ಬರುತ್ತವೆ. ಒಬ್ಬರು "ಮಾಡಿಸ್ರಿ, ನಮ್ಮ ಕಾಕಾ ಮಾಡಿಸ್ಕೊಂಡು ಈಗ ಆರಾಮ್ ಓಡಾಡ್ಲಾಕತ್ತಾರ" ಅನ್ನುತ್ತಾರೆ. ಇನ್ನೊಬ್ಬರು "ಬ್ಯಾಡ್ರಿ, ನಮ್ಮ ಓಣಿ ಆಯಿ ಮಾಡಿಸ್ಕೊಂಡು ಹಾಸಿಗಿ ಹಿಡಿದಾಳ" ಅನ್ನುತ್ತಾರೆ. ಎರಡೂ ನಿಜ ಇರಬಹುದು. ಆದರೆ ಆ ಎರಡರಿಂದಲೂ ನಿಮ್ಮ ಮನೆಯವರ ಕಾಲಿನ ಬಗ್ಗೆ ಏನೂ ತಿಳಿಯಲ್ಲ. ನಮ್ಮ ಅವ್ವಗೆ ಎರಡೂ ಕಾಲಿಗೆ ಬೇರೆ ಬೇರೆ ಸಲ ಆಪರೇಷನ್ ಆಯಿತು. ಆಗಿನಿಂದ ಬಂಧು ಬಳಗದಲ್ಲಿ ಯಾರಿಗೆ ಮೊಣಕಾಲು ನೋವು ಬಂದರೂ ಫೋನ್ ನನಗೇ ಬರುತ್ತೆ. ನಾನು ಡಾಕ್ಟರ್ ಅಲ್ಲ. ಆದರೆ ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು, ಅವರು ಹೇಳೋದರಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿಯಬೇಕು ಅನ್ನೋದನ್ನು ಬರೆಯಬಲ್ಲೆ.

ಮೊದಲೇ ಹೇಳಿಬಿಡುತ್ತೇನೆ. ಎಕ್ಸ್‌ರೇ ಒಂದನ್ನೇ ನೋಡಿ ಆಪರೇಷನ್ ತಾರೀಖು ಹಾಕಬೇಡಿ. ಆ ಮನುಷ್ಯರು ಬೆಳಿಗ್ಗೆ ಎದ್ದು ರಾತ್ರಿ ಮಲಗೋ ತನಕ ಏನು ಮಾಡೋಕೆ ಆಗ್ತಿದೆ, ಏನು ಆಗ್ತಿಲ್ಲ ಅನ್ನೋದನ್ನು ನೋಡಿ ಹಾಕಿ.

ಒಳಗೆ ಆಗೋದು ಏನು ಅಂದರೆ, ತೊಡೆ ಎಲುಬಿನ ತುದಿಗೂ ಕೆಳಗಿನ ಕಾಲೆಲುಬಿನ ತುದಿಗೂ ನುಣ್ಣನೆಯ ಒಂದು ಪದರ ಇರುತ್ತದೆ. ಅದೇ ಕಾರ್ಟಿಲೇಜ್. ಅದು ಸವೆಯುತ್ತಾ ಹೋಗಿ, ಕೊನೆಗೆ ಎಲುಬಿಗೆ ಎಲುಬು ತಿಕ್ಕುತ್ತದೆ. "ಗ್ಯಾಪ್ ಹೋಗಿದೆ", "ಗ್ರೀಸ್ ಖಾಲಿ ಆಗಿದೆ" ಅಂತ ಜನ ಹೇಳೋದು ಇದನ್ನೇ. ನಮ್ಮಲ್ಲಿ ಹೆಚ್ಚಾಗಿ ಒಳಮಗ್ಗುಲು ಮೊದಲು ಸವೆಯುತ್ತದೆ, ಅದಕ್ಕೇ ವಯಸ್ಸಾದವರ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತದೆ. ಸವೆತವನ್ನು ಡಾಕ್ಟರುಗಳು 0ಯಿಂದ 4ರ ತನಕ ಗ್ರೇಡ್ ಹಾಕಿ ಹೇಳುತ್ತಾರೆ. 4 ಅಂದರೆ ಪೂರ್ತಿ ಸವೆದಿದೆ ಅಂತ.

ಆಪರೇಷನ್‌ನಲ್ಲಿ ಮೊಣಕಾಲು ಕತ್ತರಿಸಿ ತೆಗೆದು ಹೊಸದು ಕೂರಿಸುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಹೆಸರೇ ಹೆದರಿಸುತ್ತೆ. ನಿಜವಾಗಿ ಮಾಡೋದು ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ. ಎಲುಬಿನ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ಸವೆದ ಭಾಗ ತೆಗೆದು, ಮೇಲಿನ ಎಲುಬಿಗೆ ಲೋಹದ ಕವಚ, ಕೆಳಗಿನ ಎಲುಬಿಗೆ ಲೋಹದ ತಟ್ಟೆ, ಎರಡರ ನಡುವೆ ತುಂಬ ಗಟ್ಟಿಯಾದ ಒಂದು ಬಗೆಯ ಪ್ಲಾಸ್ಟಿಕ್ ಇಡುತ್ತಾರೆ. ಲೋಹ ಹೆಚ್ಚಾಗಿ ಕೋಬಾಲ್ಟ್ ಕ್ರೋಮಿಯಂ ಅಥವಾ ಟೈಟೇನಿಯಂ. ಎಲುಬಿಗೆ ಅಂಟಿಸೋಕೆ ಸಿಮೆಂಟ್ ಬಳಸುತ್ತಾರೆ, ಮನೆ ಕಟ್ಟೋ ಸಿಮೆಂಟ್ ಅಲ್ಲ, ಎಲುಬಿಗೆಂದೇ ಮಾಡಿದ್ದು. ಒಂದೇ ಮಗ್ಗುಲು ಸವೆದಿದ್ದರೆ ಆ ಅರ್ಧಕ್ಕಷ್ಟೇ ಹಾಕೋದೂ ಇದೆ, ಆದರೆ ಅದು ಎಲ್ಲರಿಗೂ ಹೊಂದಲ್ಲ.

ಈಗ ಮುಖ್ಯ ಪ್ರಶ್ನೆ. ನೋವು ನಿಜಕ್ಕೂ ಈ ಸವೆತದಿಂದಲೇ ಬರ್ತಿದೆಯಾ? ಇದನ್ನು ಗಟ್ಟಿ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಟೊಂಕದ ನರ ಒತ್ತಿದರೂ ಮೊಣಕಾಲಿನ ತನಕ ನೋವು ಬರುತ್ತದೆ. ತೊಡೆಸಂದಿನ ಕೀಲು ಸವೆದರೂ ನೋವು ಮೊಣಕಾಲಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಭಾಗದಲ್ಲಿ ಇನ್ನೂ ಎರಡು ಇವೆ. 2006ರಲ್ಲಿ ಚಿಕೂನ್‌ಗುನ್ಯಾ ಹಳ್ಳಿಗೆ ಹಳ್ಳಿಯನ್ನೇ ಮಲಗಿಸಿದ್ದು ನಮ್ಮವರಿಗೆ ನೆನಪಿದೆ. ಆ ಜ್ವರ ಬಂದು ಹೋದಮೇಲೆ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತೆ, ಕೆಲವರಿಗೆ ವರ್ಷಗಟ್ಟಲೆ. ಅದಕ್ಕೆ ಆಪರೇಷನ್ ಮದ್ದಲ್ಲ. ಇನ್ನು ಯಾದಗಿರಿ, ಕಲಬುರಗಿ ಜಿಲ್ಲೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಾನುಗಟ್ಟಲೆ ಅದೇ ನೀರು ಕುಡಿದವರಿಗೆ ಬೆನ್ನು, ಕುತ್ತಿಗೆ, ಕೀಲು ಎಲ್ಲ ಬಿಗಿಯುತ್ತವೆ. ಮನೆಯಲ್ಲಿ ಇಬ್ಬರು ಮೂವರಿಗೆ ಹಾಗೇ ಇದ್ದರೆ, ಹಲ್ಲೂ ಕಂದು ಆಗಿದ್ದರೆ ಡಾಕ್ಟರಿಗೆ ಹೇಳಿ. ಕೈಬೆರಳ ಸಂದುಗಳೂ ಊದುತ್ತಿದ್ದರೆ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿ ಇದ್ದರೆ ಅದು ರುಮಟಾಯ್ಡ್ ಅನ್ನೋ ಸಂಧಿವಾತ ಇರಬಹುದು, ಅದಕ್ಕೆ ಬೇರೆಯೇ ಗುಳಿಗೆ ಇದೆ.

ಎಕ್ಸ್‌ರೇ ನಿಂತುಕೊಂಡೇ ತೆಗೆಸಬೇಕು. ಮಲಗಿಸಿ ತೆಗೆದರೆ ಮೈಭಾರ ಬೀಳಲ್ಲ, ಸವೆತ ಸರಿಯಾಗಿ ಕಾಣಲ್ಲ. ಸವೆತ ಜಾಸ್ತಿ ಇದ್ದವರಿಗೆ ಎಂಆರ್‌ಐ ಸಾಮಾನ್ಯವಾಗಿ ಬೇಕಾಗಲ್ಲ, ಸುಮ್ನೆ ದುಡ್ಡು.

ಸರಿ, ನೋವು ಸವೆತದ್ದೇ ಅಂತಾಯಿತು ಅನ್ನೋಣ. ಆಗ ತಾರೀಖು ಹಾಕೋದಾ? ಇಲ್ಲ, ಇನ್ನೂ ಕೆಲವು ಇವೆ. ಅವನ್ನು ನಿಜವಾಗಿ ಮಾಡಿ ನೋಡಿರಬೇಕು, ಬಾಯಿ ಮಾತಿಗೆ ಅಲ್ಲ. ತೊಡೆಯ ಮುಂದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ದಿನವೂ ಮೂರು ತಿಂಗಳಾದರೂ ಮಾಡಬೇಕು. ತೂಕ ಇಳಿಸಬೇಕು. ಮೈಯಿಂದ 1 ಕೆಜಿ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತೆ. 5 ಕೆಜಿ ಇಳಿಸಿದವರಿಗೆ ಇದರ ಬೆಲೆ ಗೊತ್ತು. ಕೋಲು ಹಿಡಿಯೋಕೆ ನಾಚಿಕೆ ಬೇಡ, ಆದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲಗಾಲು ನೋವಾದರೆ ಎಡಗೈಯಲ್ಲಿ. ಬಹಳ ಜನ ಉಲ್ಟಾ ಹಿಡಿಯುತ್ತಾರೆ.

ಗುಳಿಗೆ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರೋದು ಪುಡಿ ಪೊಟ್ಟಣಗಳ ಬಗ್ಗೆ. "ಒಂದು ಪೊಟ್ಟಣ ತಗೊಂಡ್ರೆ ಕುದುರೆ ಹಾಂಗ ಓಡ್ತೀರಿ" ಅಂತ ಸಂತೆಯಲ್ಲಿ ಮಾರುವ ಔಷಧಿಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನಕ್ಕೆ ನೋವು ಮಾಯ, ಅದಕ್ಕೇ ಜನ ನಂಬುತ್ತಾರೆ. ಒಳಗೆ ಶುಗರ್ ಏರುತ್ತೆ, ಎಲುಬು ಪೊಳ್ಳಾಗುತ್ತೆ, ಮುಖ ಊದುತ್ತೆ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ವರ್ಷಾನುಗಟ್ಟಲೆ ನುಂಗಿದರೂ ಕಿಡ್ನಿ, ಹೊಟ್ಟೆ ಎರಡೂ ಕೆಡುತ್ತವೆ. ಆಪರೇಷನ್‌ಗೆ ಹೆದರಿ ಕಿಡ್ನಿ ಕಳೆದುಕೊಂಡರೆ ಏನು ಬಂತು, ಹೇಳಿ.

ಮೊಣಕಾಲಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತೆ, ಅಷ್ಟೇ. ಅದನ್ನು ಹಾಕಿಸಿಕೊಂಡರೆ ಮೂರು ತಿಂಗಳ ತನಕ ಆಪರೇಷನ್ ಮಾಡಿಸಬಾರದು, ಸೋಂಕಿನ ಅಪಾಯ ಜಾಸ್ತಿ. ಗ್ರೀಸ್ ಇಂಜೆಕ್ಷನ್ ಅಂತ ಜೆಲ್ ಹಾಕುತ್ತಾರಲ್ಲ, ಪೂರ್ತಿ ಸವೆದ ಕಾಲಿಗೆ ಅದರಿಂದ ದೊಡ್ಡ ಲಾಭ ಇಲ್ಲ. ಇನ್ನೊಂದು, ದುರ್ಬೀನು ಹಾಕಿ ಮೊಣಕಾಲು ತೊಳೆಯುವ ಆಪರೇಷನ್. ಸವೆತಕ್ಕೆ ಅದು ಕೆಲಸ ಮಾಡಲ್ಲ ಅಂತ 2002ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿದೆ. ಅದರಲ್ಲಿ ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದ್ದರು. ಅವರಿಗೂ ತೊಳೆಸಿಕೊಂಡವರಿಗೂ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ದಿನ ನಡೆಯುತ್ತಿಲ್ಲ ಅಂದರೆ, ಆಗ ಹೊತ್ತು ಬಂದಿದೆ. ಏನು ನೋಡಬೇಕು? ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಸಂಡಾಸಕ್ಕೆ ಹೋಗಿ ಏಳೋಕೆ ಇನ್ನೊಬ್ಬರ ಕೈ ಬೇಕಾ? ಓಣಿಯ ಮೂಲೆ ಅಂಗಡಿ ತನಕ ನಡೆಯೋಕೆ ನಡುವೆ ಕೂರಬೇಕಾಗುತ್ತಾ? ಮದುವೆ, ಜಾತ್ರೆ, ಸತ್ತವರ ಮನೆ ಅಂತ ಹೋಗೋದನ್ನು ಬಿಟ್ಟಿದ್ದಾರಾ? ನಮ್ಮ ಅವ್ವನ ವಿಷಯದಲ್ಲಿ ನನಗೆ ಅರ್ಥ ಆಗಿದ್ದು ಎಕ್ಸ್‌ರೇಯಿಂದ ಅಲ್ಲ. ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆಯ ತೇರಿಗೆ ತಪ್ಪದೆ ಹೋಗುತ್ತಿದ್ದವಳು "ಈ ಸಲ ಗದ್ದಲ ಭಾಳ, ಮನ್ಯಾಗೇ ಕೈ ಮುಗಿತೀನಿ" ಅಂದಳು. ಮುಂದಿನ ವರ್ಷವೂ ಅದೇ ಮಾತು. ಬಸ್ಸಿನ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ತಂಗಿ ಮನೆಗೆ ಹೋಗೋದನ್ನೂ ಬಿಟ್ಟಿದ್ದಳು. ನೋವು ಇದೆ ಅಂತ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ಹೀಗೇ, ನೋವು ಹೇಳಲ್ಲ, ಹೋಗೋ ಜಾಗಗಳನ್ನು ಒಂದೊಂದಾಗಿ ಬಿಡುತ್ತಾರೆ. ಅದನ್ನು ಮನೆಯವರೇ ಗಮನಿಸಬೇಕು.

ಬೇಗ ಮಾಡಿಸಿದರೂ ಕಷ್ಟ, ತಡ ಮಾಡಿದರೂ ಕಷ್ಟ. ಬೇಗ ಅಂದರೆ, ಎಕ್ಸ್‌ರೇಯಲ್ಲಿ ಸವೆತ ಅಷ್ಟಿಲ್ಲ, ಕೆಲಸ ನಡೀತಿದೆ, ಆದರೂ "ಹೇಗೂ ಮಾಡಿಸಲೇಬೇಕಲ್ಲ" ಅಂತ ಹೋಗೋದು. ಮೊಣಕಾಲು ಬದಲಿಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರಲ್ಲ ಅಂತ ಹೊರದೇಶದ ಅಧ್ಯಯನಗಳಲ್ಲೇ ಕಂಡಿದೆ. ಸವೆತ ಕಡಿಮೆ ಇದ್ದು ಮಾಡಿಸಿಕೊಂಡವರಲ್ಲಿ ಹೀಗೆ ಆಗೋದು ಜಾಸ್ತಿ. ತಡ ಅಂದರೆ, ಕಾಲು ನೆಟ್ಟಗೆ ಚಾಚೋಕೆ ಬರಲ್ಲ, ಮಡಚೋಕೆ ಬರಲ್ಲ, ತೊಡೆ ಒಣಗಿ ಕಡ್ಡಿ ಆಗಿದೆ, ಆಗ ಬರೋದು. ಆಪರೇಷನ್‌ಗೆ ಮೊದಲು ಎಷ್ಟು ಮಡಚುತ್ತಿತ್ತೋ ಅದರ ಮೇಲೇ ಆಮೇಲೆ ಎಷ್ಟು ಮಡಚುತ್ತೆ ಅನ್ನೋದು ಬಹಳಷ್ಟು ನಿಂತಿದೆ. "ಇನ್ನ ಎಷ್ಟ ದಿನ ಬದುಕ್ತೀನಿ, ಬ್ಯಾಡ" ಅಂತ 65ಕ್ಕೆ ಹೇಳಿದವರು 78ಕ್ಕೆ ಹೊರಸಿನ ಮೇಲೆ ಕೂತು ಬೇಕು ಅನ್ನೋದನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಎದೆ, ಕಿಡ್ನಿ ಒಪ್ಪಲ್ಲ.

ವಯಸ್ಸಿಗೆ ಗೆರೆ ಇಲ್ಲ. ಆದರೆ ಲೆಕ್ಕ ಇದೆ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಹಾಕಿದ ಮೊಣಕಾಲುಗಳಲ್ಲಿ 100ಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಇನ್ನೊಂದು ಅಧ್ಯಯನದ ಪ್ರಕಾರ 70ರಲ್ಲಿ ಹಾಕಿಸಿಕೊಂಡವರಿಗೆ ಬದುಕಿರೋ ತನಕ ಎರಡನೇ ಸಲ ಬಿಚ್ಚೋ ಪ್ರಸಂಗ ಬರೋದು ಕಡಿಮೆ, ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. 50ರ ಆಸುಪಾಸಿನಲ್ಲಿ, ಅದರಲ್ಲೂ ಗಂಡಸರು ಮಾಡಿಸಿಕೊಂಡರೆ ಅದು ಮೂರರಲ್ಲಿ ಒಬ್ಬರ ತನಕ ಹೋಗುತ್ತೆ. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ. ಅದಕ್ಕೇ 50ರವರಿಗೆ ಡಾಕ್ಟರ್ "ಇನ್ನೂ ಸ್ವಲ್ಪ ತಳ್ಳೋಣ" ಅನ್ನೋದು.

ಹೂಂ ಅನ್ನೋಕೆ ಮೊದಲು ಏನು ಮರಳಿ ಸಿಗಲ್ಲ ಅನ್ನೋದನ್ನೂ ಮನೆಯಲ್ಲಿ ಕೂತು ಮಾತಾಡಿ. ಇದನ್ನು ಬಹಳ ದವಾಖಾನೆಗಳಲ್ಲಿ ಸರಿಯಾಗಿ ಹೇಳಲ್ಲ. ಹೊಸ ಮೊಣಕಾಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತೆ. ನಡೆಯೋಕೆ, ಕುರ್ಚಿಯಿಂದ ಏಳೋಕೆ, ಮೆಟ್ಟಿಲು ಹತ್ತೋಕೆ ಅಷ್ಟು ಸಾಕು. ಕುಕ್ಕರಗಾಲಿನಲ್ಲಿ ಕೂರೋಕೆ ಸಾಲಲ್ಲ. ನಮ್ಮದು ನೆಲದ ಮೇಲಿನ ಬದುಕು ಅಲ್ವಾ? ಪರಸಿ (ಕಲ್ಲುಹಾಸಿನ ನೆಲ) ಮೇಲೆ ಕೂತು ರೊಟ್ಟಿ ಬಡಿಯೋದು, ಚಕ್ಕಳ ಹಾಕಿ ಉಣ್ಣೋದು, ಹೊಲದಲ್ಲಿ ಕೂತು ಕಳೆ ತೆಗೆಯೋದು, ಲಿಂಗಪೂಜೆ, ನಮಾಜು ಎಲ್ಲ ಅಲ್ಲೇ. ಪೂಜೆ, ನಮಾಜು ಕುರ್ಚಿ ಮೇಲೆ ಆಗುತ್ತವೆ, ಎಷ್ಟೋ ಜನ ಮಾಡುತ್ತಿದ್ದಾರೆ. ಕೂತು ಕಳೆ ತೆಗೆಯೋ ಕೆಲಸ ಮಾತ್ರ ಬಿಟ್ಟ ಹಾಗೇ. ಕೂಲಿಯಿಂದಲೇ ಮನೆ ನಡೆಯೋರಿಗೆ ಇದು ಚಿಕ್ಕ ಮಾತಲ್ಲ, ಆ ದುಡಿಮೆ ನಿಂತರೆ ಮುಂದೇನು ಅಂತ ಮೊದಲೇ ಯೋಚಿಸಬೇಕು.

ಅವ್ವಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ರೊಟ್ಟಿಯದು. ಹುಟ್ಟಿದಾಗಿನಿಂದ ನೆಲದ ಮೇಲೆ, ಒಲೆ ಮುಂದೆ ಕೂತೇ ಬಡಿದ ಕೈ. ನಿಂತು ಬಡಿದರೆ ರೊಟ್ಟಿ ಹರಿಯುತ್ತೆ ಅಂತ ಅವಳ ವಾದ. ಅಡುಗೆ ಕಟ್ಟೆ ಅವಳಿಗೆ ಎತ್ತರ ಆಗುತ್ತಿತ್ತು, ಭುಜ ಮೇಲೆತ್ತಿ ಬಡಿಯಬೇಕಾಗುತ್ತಿತ್ತು, ಹಿಟ್ಟು ತಿರುಗುತ್ತಿರಲಿಲ್ಲ. ಬಡಗಿಯನ್ನು ಕರೆಸಿ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವ ಹಾಗೆ ಗಟ್ಟಿಯಾದ ಮೇಜು ಮಾಡಿಸಿ, ಅದರ ಮೇಲೇ ರೊಟ್ಟಿ ಬಡಿಯೋ ಕೊಣಮಿಗೆ ಇಟ್ಟೆವು. ಮೊದಮೊದಲು ಅಂಚು ಹರಿಯಿತು, ಬೈದುಕೊಂಡೇ ಬಡಿದಳು. ಈಗ ನಿಂತೇ ಬಡಿಯುತ್ತಾಳೆ.

ಮನೆಯನ್ನು ಆಪರೇಷನ್‌ಗೆ ಮೊದಲೇ ತಯಾರು ಮಾಡಿ. ಕಮೋಡ್ ಇರಲೇಬೇಕು. ಕೂರಿಸೋಕೆ ಆಗದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತೆ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ. ಒದ್ದೆಯಾದ ನುಣುಪು ಪರಸಿ ಮೇಲೆ ವಾಕರ್ ಜಾರುತ್ತೆ, ಕಾಲೊರಸು ಬಟ್ಟೆ ಸಿಕ್ಕಿ ಬೀಳ್ತಾರೆ, ಅವನ್ನು ತೆಗೆದುಬಿಡಿ. ಮಂಚ ಮೊಣಕಾಲಿನ ಎತ್ತರಕ್ಕಿಂತ ತಗ್ಗಿರಬಾರದು. ಮಾಳಿಗೆ ಮೇಲೆ ಮಲಗೋರು ಕೆಳಗೆ ಬರಬೇಕು.

ಯಾವ ತಿಂಗಳು ಅನ್ನೋದೂ ಮುಖ್ಯ. ತೊಗರಿ ರಾಶಿ ಹೊತ್ತಿನಲ್ಲಿ ಮನೆಯವರೆಲ್ಲ ಹೊಲದಲ್ಲಿದ್ದರೆ ರೋಗಿಯನ್ನು ಎಬ್ಬಿಸಿ ನಡೆಸೋರು ಯಾರು? ನಮ್ಮ ಮೇ ತಿಂಗಳ ಬಿಸಿಲಲ್ಲಿ ಕರೆಂಟ್ ಹೋದಾಗ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗೋದು ಹಿಂಸೆ. ಮೊದಲ ಆರು ವಾರ ಒಬ್ಬರು ಪೂರ್ತಿ ಮನೆಯಲ್ಲಿ ಇರೋ ಹಾಗಿದ್ದರೆ ಮಾತ್ರ ತಾರೀಖು ಹಾಕಿ.

ಮೈ ತಯಾರಿ ಅಂದರೆ ಮೊದಲು ಶುಗರ್. ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟ್ (HbA1c) ಇದೆಯಲ್ಲ, ಅದು 7.5 ಅಥವಾ 8ಕ್ಕಿಂತ ಕೆಳಗೆ ಬರಲಿ ಅಂತ ಹೆಚ್ಚಿನ ಡಾಕ್ಟರುಗಳು ಕಾಯುತ್ತಾರೆ. ಹುಳುಕು ಹಲ್ಲು, ಉರಿಮೂತ್ರ, ಕಾಲಲ್ಲಿ ಗಾಯ ಇದ್ದರೆ ಮೊದಲು ಅದನ್ನು ವಾಸಿ ಮಾಡಿಕೊಳ್ಳಬೇಕು. ಅಲ್ಲಿನ ಸೋಂಕು ರಕ್ತದಲ್ಲಿ ಹೊಸ ಕೀಲಿಗೆ ಹೋಗಿ ಕೂರುತ್ತೆ. ರಕ್ತ ಕಡಿಮೆ ಇದ್ದರೆ ಏರಿಸಿಕೊಳ್ಳಬೇಕು. ಬೀಡಿ, ಗುಟ್ಕಾ, ತಂಬಾಕು ಬಿಡಲೇಬೇಕು, ಬಿಡದಿದ್ದರೆ ಗಾಯ ಮಾಯೋದು ನಿಧಾನ. ರಕ್ತ ತೆಳು ಮಾಡೋ ಗುಳಿಗೆ ತಗೊಳ್ತಿದ್ದರೆ ಮುಚ್ಚಿಡಬೇಡಿ.

ಇನ್ನು ಎಲ್ಲಿ ಮಾಡಿಸೋದು? ನಮ್ಮವರು ಕೂಡಲೇ ಹೈದರಾಬಾದ್, ಸೊಲ್ಲಾಪುರ, ಮಿರಜ್ ಅನ್ನುತ್ತಾರೆ. ಹೋಗಿ, ತಪ್ಪಿಲ್ಲ. ಆದರೆ ಆಪರೇಷನ್ ಆದಮೇಲೆ ಹೊಲಿಗೆ ಬಿಚ್ಚೋಕೆ, ಗಾಯ ತೋರಿಸೋಕೆ, ರಾತ್ರಿ ಜ್ವರ ಬಂದರೆ ಓಡೋಕೆ 200 ಕಿಲೋಮೀಟರ್ ದೂರ ಅಂದರೆ ಕಷ್ಟ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜುಗಳು, ಅಲ್ಲಿ ಎಲುಬಿನ ವಿಭಾಗ ಇದೆ. ಕನಿಷ್ಠ ಎರಡನೇ ಅಭಿಪ್ರಾಯಕ್ಕಾದರೂ ಅಲ್ಲಿ ತೋರಿಸಿ. ಯಾವ ಡಾಕ್ಟರ್ ಆಗಲಿ, ವರ್ಷಕ್ಕೆ ಎಷ್ಟು ಮೊಣಕಾಲು ಮಾಡ್ತೀರಿ, ಸೋಂಕಾದರೆ ಮುಂದೆ ಯಾರು ನೋಡ್ತಾರೆ ಅಂತ ಕೇಳಿ. ಕೇಳಿದರೆ ಸಿಟ್ಟು ಮಾಡೋರ ಹತ್ತಿರ ಮಾಡಿಸಬೇಡಿ. ಒಂದು ಕಡೆ ಅವ್ವನನ್ನು ಮಂಚ ಹತ್ತಿಸಿ ಕಾಲು ಮುಟ್ಟಿ ಸಹ ನೋಡದೆ, ಫಿಲ್ಮ್ ಒಂದನ್ನೇ ನೋಡಿ "ಸೋಮವಾರ ಅಡ್ಮಿಟ್ ಆಗ್ರಿ, ಎರಡೂ ಕಾಲು ಒಮ್ಮೆಗೇ ಮಾಡೋಣ" ಅಂದರು. ನಾವು ಎದ್ದು ಬಂದೆವು.

ಎರಡೂ ಕಾಲು ಒಮ್ಮೆಗೇ ಮಾಡಿಸೋದು ತಪ್ಪು ಅಂತಲ್ಲ. ಒಂದೇ ಸಲ ಆಸ್ಪತ್ರೆ, ಒಂದೇ ಸಲ ನೋವು, ಖರ್ಚೂ ಸ್ವಲ್ಪ ಉಳಿಯುತ್ತೆ. ಆದರೆ ಎದೆಗೆ, ಶ್ವಾಸಕೋಶಕ್ಕೆ ಹೊರೆ ಜಾಸ್ತಿ. ಹೃದಯ ಗಟ್ಟಿ ಇರೋರಿಗೆ ಆದೀತು. ಶುಗರ್, ಬಿಪಿ, ಹೃದಯದ ತೊಂದರೆ ಇರುವ ಹಿರಿಯರಿಗೆ ಒಂದು ಮಾಡಿಸಿ, ಕೆಲವು ತಿಂಗಳು ಬಿಟ್ಟು ಇನ್ನೊಂದು ಮಾಡಿಸೋದೇ ಒಳ್ಳೆಯದು. ನಾವು ಹಾಗೇ ಮಾಡಿದ್ದು.

ದುಡ್ಡಿನ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಹಾಕುವ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಸೆಟ್ಟಿಗೆ ಆಗ ಗೊತ್ತುಮಾಡಿದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೂ ಮೊದಲು ಅದೇ ಸೆಟ್ಟಿಗೆ ಒಂದೂವರೆ ಲಕ್ಷದ ಮೇಲೂ ಹಾಕುತ್ತಿದ್ದರು. ಅದಕ್ಕೇ ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ತೋರಿಸಿ ಅಂತ ಕೇಳಿ. ಅದರ ಸ್ಟಿಕ್ಕರ್ ಫೈಲಿನಲ್ಲಿ ಅಂಟಿಸಿಕೊಂಡು ಇಟ್ಟುಕೊಳ್ಳಿ, ಮುಂದೆ ಎಂದಾದರೂ ಬಿಚ್ಚಬೇಕಾದರೆ ಯಾವ ಕಂಪನಿ, ಯಾವ ಸೈಜು ಅಂತ ಗೊತ್ತಾಗೋದು ಅದರಿಂದಲೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಹೋಗಿ ಕಾಣಿ. ಮೊಣಕಾಲು ಬದಲಾವಣೆ ಎಲ್ಲಿ ಆಗುತ್ತೆ, ಖಾಸಗಿಗೆ ಹೋಗೋಕೆ ರೆಫರಲ್ ಚೀಟಿ ಸಿಗುತ್ತಾ ಅಂತ ಕೇಳಿ. ದುಡ್ಡು ಕಟ್ಟಿ ಅಡ್ಮಿಟ್ ಆದಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗಲ್ಲ.

ರೋಬೋಟ್ ಅಂತ ಈಗ ದೊಡ್ಡ ದೊಡ್ಡ ಬೋರ್ಡ್ ಹಾಕುತ್ತಾರೆ. ರೋಬೋಟ್ ತಾನೇ ಆಪರೇಷನ್ ಮಾಡಲ್ಲ, ಎಲುಬು ಎಲ್ಲಿ ಎಷ್ಟು ಕೊಯ್ಯಬೇಕು ಅಂತ ಕರಾರುವಾಕ್ಕಾಗಿ ತೋರಿಸಿ ಡಾಕ್ಟರ ಕೈಗೆ ನೆರವಾಗುತ್ತೆ. ಅಳತೆ ಕರಾರುವಾಕ್ಕು ಹೌದು. ಅದರಿಂದ ವರ್ಷಗಳ ಮೇಲೆ ರೋಗಿಗೆ ನೋವು ಕಡಿಮೆ, ನಡಿಗೆ ಚೆನ್ನ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಸಾಲ ಮಾಡಿ ರೋಬೋಟ್ ಬೇಡ, ಕೈ ಪಳಗಿದ ಡಾಕ್ಟರ್ ಸಾಕು. ಬಂಗಾರದ ಬಣ್ಣದ ಮೊಣಕಾಲು ಕೂಡ ಹೀಗೇ, ಲೋಹದ ಅಲರ್ಜಿ ಇರೋರಿಗೆ ಅದು ಬೇಕಾಗಬಹುದು, ಉಳಿದವರಿಗೆ ಬೇಕಿಲ್ಲ.

ಆಪರೇಷನ್ ಒಂದೂವರೆ ಗಂಟೆ ಆಚೆ ಈಚೆ. ಹೆಚ್ಚಾಗಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸುತ್ತಾರೆ. ಅದೇ ದಿನ ಸಂಜೆ ಅಥವಾ ಮಾರನೇ ದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹೆದರಬೇಡಿ, ಎಬ್ಬಿಸದೆ ಮಲಗಿಸಿ ಇಟ್ಟರೇ ಅಪಾಯ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಮೊದಲ ಎರಡು ವಾರ ನೋವು ಜೋರಾಗೇ ಇರುತ್ತೆ. ಯಾರಾದರೂ ನೋವೇ ಇರಲ್ಲ ಅಂದರೆ ನಂಬಬೇಡಿ. ನೋವಿನ ಗುಳಿಗೆ ಹೊತ್ತಿಗೆ ಸರಿಯಾಗಿ ತಗೊಂಡು, ಅದು ಕೆಲಸ ಮಾಡುವಾಗಲೇ ವ್ಯಾಯಾಮ ಮಾಡಬೇಕು.

ಮನೆಯವರು ಪ್ರೀತಿಯಿಂದ ಮಾಡುವ ಒಂದು ಕೆಲಸ ಕೆಡುಕು ಮಾಡುತ್ತೆ. ಮೊಣಕಾಲಿನ ಕೆಳಗೆ ದಿಂಬು ಇಡೋದು. ಆರಾಮ ಅನಿಸುತ್ತೆ ನಿಜ, ಆದರೆ ಕಾಲು ಅದೇ ಬಾಗಿನಲ್ಲಿ ಬಿಗಿದುಕೊಳ್ಳುತ್ತೆ. ದಿಂಬು ಹಿಮ್ಮಡಿ ಕೆಳಗೆ ಇಡಬೇಕು, ಮೊಣಕಾಲು ತಾನೇ ಕೆಳಗಿಳಿದು ನೆಟ್ಟಗಾಗಲಿ. ಬಿಸಿ ಕಾವು ಕೊಡೋದು, ಎಣ್ಣೆ ಹಚ್ಚಿ ಮೀನಖಂಡ ತಿಕ್ಕೋದು ಬೇಡ. ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಫಿಸಿಯೋಥೆರಪಿ ಮಾಡೋರು ಬಂದಾಗ ಅವ್ವ "ಇವತ್ತು ಬ್ಯಾಡಪ್ಪಾ, ನಾಳಿ ಬಾ" ಅಂತ ಕೈ ಮುಗಿಯುತ್ತಿದ್ದಳು. ಅವನು ಒಳ್ಳೆಯ ಹುಡುಗ. "ಆಯಿ, ಇವತ್ತು ಎರಡು ಬೆರಳು ಜಾಸ್ತಿ ಮಡಚಿದ್ರ ಸಾಕು" ಅಂತ ಹಿಮ್ಮಡಿಯ ಹತ್ತಿರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಅವಳು ಕುರ್ಚಿ ಮೇಲೆ ಕೂತು ಪಾದವನ್ನು ಹಿಂದಕ್ಕೆ ಎಳೆದು ಆ ಗೆರೆ ದಾಟಿಸಬೇಕು. ಎರಡು ಮೂರು ವಾರಕ್ಕೆ 90 ಡಿಗ್ರಿ ಬಂದರೆ ದಾರಿ ಸರಿ ಇದೆ ಅಂತ ಲೆಕ್ಕ. ಈ ಆರು ವಾರದ ವ್ಯಾಯಾಮ ಬಿಟ್ಟವರ ಕಾಲೇ ಕೊನೆಗೆ ಬಿಗಿದು ಕೂರೋದು, ಹಾಸಿಗೆ ಹಿಡಿದರು ಅನ್ನೋ ಕತೆಗಳಲ್ಲಿ ಎಷ್ಟೋ ಕತೆ ಇಲ್ಲಿಂದಲೇ ಹುಟ್ಟಿದ್ದು.

ಆರು ವಾರದ ಹೊತ್ತಿಗೆ ವಾಕರ್ ಬಿಟ್ಟು ಕೋಲಿಗೆ ಬರುತ್ತಾರೆ, ಮೂರು ತಿಂಗಳಿಗೆ ಮನೆ ಕೆಲಸ, ಓಣಿ ತಿರುಗಾಟ. ಊತ, ಬಿಸಿ ಆರು ತಿಂಗಳ ತನಕವೂ ಸ್ವಲ್ಪ ಇರುತ್ತೆ. ಗಾಯದ ಹೊರಮಗ್ಗುಲು ಚರ್ಮ ಜೋಮು ಹಿಡಿದ ಹಾಗಿರುತ್ತೆ, ನಡೆಯುವಾಗ ಟಕ್ ಟಕ್ ಸದ್ದು ಬರುತ್ತೆ, ಇವೆರಡೂ ಸಾಮಾನ್ಯ. ಆದರೆ ಗಾಯದಿಂದ ನೀರು ಅಥವಾ ಕೀವು ಸೋರಿದರೆ, ಇಳಿದಿದ್ದ ನೋವು ಮತ್ತೆ ಏರಿ ಜ್ವರ ಬಂದರೆ, ಮೀನಖಂಡ ಊದಿ ಬಿಗಿದರೆ, ಉಸಿರು ಹಿಡಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಹೊತ್ತಿಗೇ ಹೋಗಿ. ಸೋಂಕು 100ರಲ್ಲಿ ಒಬ್ಬಿಬ್ಬರಿಗೆ ಆಗುತ್ತೆ, ಬೇಗ ಹಿಡಿದರೆ ಕೀಲು ಉಳಿಯುತ್ತೆ. ಗಾಯಕ್ಕೆ ಸುಮ್ನೆ ಆಂಟಿಬಯೋಟಿಕ್ ಗುಳಿಗೆ ಬರೆದು ಕಳಿಸೋರ ಹತ್ತಿರ ಹೋಗಬೇಡಿ, ಆಪರೇಷನ್ ಮಾಡಿದವರಿಗೇ ತೋರಿಸಿ. ವರ್ಷಗಳು ಕಳೆದ ಮೇಲೂ ಹಲ್ಲು ಕೀಳಿಸೋಕೆ ಹೋದರೆ, ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ, "ಮೊಣಕಾಲಲ್ಲಿ ಕೀಲು ಹಾಕಿದಾರ" ಅಂತ ಆ ಡಾಕ್ಟರಿಗೆ ಮೊದಲೇ ಹೇಳಿ.